ಕಾಲುಚೀಲದೊಳಗಿನ ಶ್ರುತಿಕವೆ

"ಅದನ್ನ ಮಾತ್ರ ಬಾರಿಸಬೇಡಮ್ಮ," ಎಂದರು ಪಿಯಾನೊ ಮಾವ. "ಮುಟ್ಟಿದ್ರೂ ಪರವಾಗಿಲ್ಲ, ಬಾರಿಸಬೇಡ. ಬಟ್ಟೇಲಿ ಸುತ್ತಿ ದೊಡ್ಡ ಮೇಡಂ ಮನೆಗೆ ಕೊಟ್ಟು ಬಂದುಬಿಡು. ಇವತ್ತೇ."

ಅವರು ಹೊಸ್ತಿಲ ಆಚೆಗೇ ನಿಂತಿದ್ದರು. ಟೋಪಿ ಕೈಯಲ್ಲಿತ್ತು. ಸಂಗೀತ ಶಾಲೆಯಲ್ಲಿ ನಲವತ್ತು ವರ್ಷ ಪಿಯಾನೊ ನುಡಿಸಿದ ಬೆರಳುಗಳು ಟೋಪಿಯ ಅಂಚನ್ನು ಒಂದೇ ಸಮನೆ ಒತ್ತುತ್ತಿದ್ದವು.

ಅವಳು ಗಂಡನನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಬಂದವರೆಲ್ಲ ಹಿಂದಿನ ಸಂಜೆಯ ಬಸ್ಸಿಗೆ ಹೊರಟುಹೋಗಿದ್ದರು. ಮನೆಯಲ್ಲಿ ಅದು ಮೊದಲ ಸಾಧಾರಣ ಬೆಳಗು. ಹಾಲು ಉಕ್ಕಿ ಒಲೆಯ ಮೇಲೆ ಸೀದ ವಾಸನೆ. ಏಳು ವರ್ಷದ ಮಗಳು ಪುಟ್ಟಿ ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಮಂಚದ ಕೆಳಗೆ ಹುಡುಕುತ್ತಿದ್ದಳು. ಬಚ್ಚಲಿನ ಗೂಡಿನಲ್ಲಿ ಹಲ್ಲುಜ್ಜುವ ಬ್ರಷ್ಷು ಮೂರಿದ್ದವು. ತಾಯಿ ಮೂರನ್ನೂ ನೋಡಿ, ತನ್ನದನ್ನು ತೆಗೆದುಕೊಂಡು ಹಲ್ಲುಜ್ಜಿದ್ದಳು. ಏನೂ ಅನ್ನಿಸಿರಲಿಲ್ಲ. ಐದು ದಿನದಿಂದಲೂ ಏನೂ ಅನ್ನಿಸಿರಲಿಲ್ಲ. ಮೈತುಂಬ ದಪ್ಪ ಕಂಬಳಿ ಹೊದಿಸಿ ಯಾರೋ ಮೇಲಿನಿಂದ ತಟ್ಟುತ್ತಿರುವ ಹಾಗೆ ಜನರ ಮಾತು ಅವಳನ್ನು ತಲುಪುತ್ತಿತ್ತು.

"ಯಾವುದನ್ನ, ಮಾವ?"

"ಶ್ರುತಿಕವೆ. ಅವನ ಡ್ರಾಯರಲ್ಲಿರುತ್ತೆ. ಶಾಲೆಯಿಂದ ರಿಟೈರಾದ ದೊಡ್ಡ ಮೇಡಂ ಹತ್ರ ಎರವಲು ತಂದಿದ್ದ." ಅವರು ಒಳಗೆ ಇಣುಕಿ ನೋಡಿ ದನಿ ತಗ್ಗಿಸಿದರು. "ಅದಕ್ಕೆ ಮಾಟ ಮಾಡಿಸಿದೆ ಕಣಮ್ಮ. ನಿನ್ನ ಗಂಡನ ದನಿ ಹೋಯ್ತಲ್ಲ, ಅದು ಎಲ್ಲೂ ಹೋಗಿಲ್ಲ. ಅದರೊಳಗೇ ಇದೆ."

ಐದು ದಿನದಲ್ಲಿ ಮೊದಲ ಸಲ ಅವಳಿಗೆ ನಗು ಬಂತು. ಒಳ್ಳೆಯ ನಗುವಲ್ಲ.

"ದನಿನ ಡ್ರಾಯರಲ್ಲಿ ಇಟ್ಟಿದ್ರಾ? ಕಾಲುಚೀಲದ ಜೊತೆಗಾ, ಬೇರೆನಾ?"

"ನಗಬೇಡಮ್ಮ."

"ಮಾವ, ಇದೆಲ್ಲ ನನ್ನ ಪಾಠದ ಮೂರನೇ ಅಧ್ಯಾಯ. 'ಕಲಾವಿದರ ಮೂಢನಂಬಿಕೆಗಳು.' ಪರೀಕ್ಷೇಲಿ ಐದು ಅಂಕಕ್ಕೆ ಬರುತ್ತೆ. ಹುಡುಗರು ಅದನ್ನೇ ಮೊದಲು ಬರೀತಾರೆ, ಓದೋದೇ ಬೇಡ ಅಂತ."

"ಸತ್ತವನದ್ದು ಹೋದ್ರೆ ಹೋಗ್ಲಿ, ಬದುಕಿರೋರದ್ದು ಹೋಗೋದು ಬೇಡ ಅಂತ ಹೇಳ್ತಿದೀನಿ."

ಅವಳ ಮುಖ ಬಿಗಿಯಿತು. "ಪುಟ್ಟಿಗೆ ಹೊತ್ತಾಯ್ತು," ಎಂದು ಬಾಗಿಲು ಹಾಕಿದಳು. ಆಚೆ ಮುದುಕನ ಉಸಿರು ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಮೆಟ್ಟಿಲಿಳಿಯುವ ಸದ್ದು.

ಗಂಡ ಒಂದು ಕಾಲದಲ್ಲಿ ಸಂಗೀತ ನಾಟಕದ ಕಂಪನಿಯೊಂದರಲ್ಲಿ ಹಾಡುತ್ತಿದ್ದವನು. ಮೂವತ್ತೆರಡಕ್ಕೆ ಮೇಲಿನ ಸ್ವರಗಳು ಬಿರುಕುಬಿಟ್ಟವು. ಕಂಪನಿ ಆ ಪಾತ್ರಕ್ಕೆ ಇನ್ನೊಬ್ಬನನ್ನು ಹಾಕಿಕೊಂಡಿತು. ಇವನ ಅಳತೆಯ ಅಂಗಿಯನ್ನೇ ಹಿಡಿದು ಹೊಲಿದು ಅವನಿಗೆ ತೊಡಿಸಿತು. ಇವನು ಮಾವನಿದ್ದ ಸಂಗೀತ ಶಾಲೆಯಲ್ಲಿ ಗಾಯನದ ಮೇಷ್ಟ್ರಾದ. ಅಲ್ಲಿಗೆ ರಂಗಭೂಮಿಯ ಇತಿಹಾಸ ಹೇಳಲು ಬಂದವಳು ಅವಳು. ಮದುವೆಯಾಗಿ ಎಂಟು ವರ್ಷ. ಮೂರು ತಿಂಗಳ ಹಿಂದೆ ಒಂದು ಮಧ್ಯಾಹ್ನ ಅವನು ಶಾಲೆಯಿಂದ ಬಂದಾಗ ದನಿಯೇ ಇರಲಿಲ್ಲ. ಡಾಕ್ಟರುಗಳು ಗಂಟಲೊಳಗೆ ದೀಪ ಬಿಟ್ಟು ನೋಡಿದರು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಎಂದರು. ಅವನು ಹೇಳಬೇಕಾದ್ದನ್ನೆಲ್ಲ ಪುಟ್ಟಿಯ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. ಪುಟ್ಟಿ ಮನೆಯಲ್ಲಿ ಸುಮ್ಮನೆ ಗುನುಗಿದರೂ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಿದ್ದ. ತನಗಿಲ್ಲದ್ದು ಮಗುವಿಗೂ ಬೇಡವೇ ಎಂದು ಅವಳು ಅದಕ್ಕೇ ಜಗಳವಾಡಿದ್ದಳು. ಅವನು ಉತ್ತರ ಬರೆಯಲು ಹೋಗಿ, ಹಾಳೆ ಹರಿದುಹಾಕಿದ್ದ. ಆಮೇಲೆ ಒಂದು ದಿನ, ದನಿ ಹೋದ ದಾರಿಯಲ್ಲೇ ಉಸಿರೂ ಹೋಯಿತು.

ಪುಟ್ಟಿ ಶಾಲೆಗೆ ಹೋದ ಮೇಲೆ ಸಂಗೀತ ಶಾಲೆಯ ಪ್ರಾಂಶುಪಾಲರ ಫೋನು ಬಂತು. ಈ ಟರ್ಮು ಮುಗಿಯುವವರೆಗೆ ಅವನ ತರಗತಿ ನೀವೇ ನೋಡಿಕೊಳ್ಳಿ ಎಂದರು.

"ನನಗೆ ಶ್ರುತಿನೇ ಗೊತ್ತಾಗಲ್ಲ, ಸರ್."

"ನೀವು ಹಾಡೋದೇನೂ ಬೇಡ. ಎದುರು ಕೂತು ಅಭ್ಯಾಸ ಮಾಡಿಸಿ. ಮನೇಲೇ ಕೂತ್ರೆ ಮನಸ್ಸು ಇನ್ನೂ ಕೆಡುತ್ತೆ."

ಶ್ರುತಿ ಗೊತ್ತಾಗುವುದಿಲ್ಲ ಎಂಬುದು ಸುಳ್ಳಾಗಿರಲಿಲ್ಲ. ಯಾವ ಸ್ವರಕ್ಕೂ ಅವಳ ದನಿ ಕೂಡುತ್ತಿರಲಿಲ್ಲ. "ನೀನು ಜೋಗುಳ ಹಾಡಿದ್ರೆ ಮಲಗಿದ್ದ ಮಗುನೂ ಎದ್ದು ಕೂರುತ್ತೆ, ಮಹಾರಾಣಿ," ಎಂದು ಗಂಡ ನಗುತ್ತಿದ್ದ. ಮಗಳದು ಅಪ್ಪನ ಕಿವಿ. ಚಮಚ ಕೆಳಗೆ ಬಿದ್ದರೆ ಅದು ಯಾವ ಸ್ವರ ಎಂದು ಹೇಳುತ್ತಿದ್ದಳು.

ಶಿಷ್ಯರ ಪಟ್ಟಿ ಹುಡುಕಲೆಂದು ಅವಳು ಅವನ ಮೇಜಿನ ಡ್ರಾಯರ್ ಎಳೆದಳು. ಗಂಟಲಿನ ಗುಳಿಗೆಗಳ ಲವಂಗದ ವಾಸನೆ ಹೊಡೆಯಿತು. ಸ್ವರಲಿಪಿಯ ಹಾಳೆಗಳ ಕೆಳಗೆ, ಒಂಟಿ ಉಣ್ಣೆಯ ಕಾಲುಚೀಲವೊಂದಿತ್ತು. ಒಳಗೆ ಏನೋ ಭಾರ.

ಅವಳಿಗೆ ಮತ್ತೆ ನಗು ಬರಬೇಕಿತ್ತು. ಬರಲಿಲ್ಲ.

ಎರಡು ಹಲ್ಲಿನ ಉಕ್ಕಿನ ಕವೆ. ಮೊಣಕಾಲಿಗೆ ಬಡಿದರೆ ಒಂದೇ ಒಂದು ಸ್ವರ ನುಡಿಯುತ್ತದೆ. ಹಾಡುವವರು ಅದಕ್ಕೆ ದನಿ ಕೂಡಿಸಿಕೊಂಡು ಅಭ್ಯಾಸ ಶುರುಮಾಡುತ್ತಾರೆ. ಎಲ್ಲ ಮೇಷ್ಟ್ರ ಹತ್ತಿರವೂ ಇರುವಂಥದ್ದು. ಆದರೆ ಇದು ಕಪ್ಪಿಟ್ಟಿತ್ತು. ಚಳಿಗಾಲದ ನಲ್ಲಿಯಂತೆ ಕೊರೆಯುತ್ತಿತ್ತು. ಮೂಸಿದರೆ, ಹಲ್ಲು ಕಿತ್ತಾಗ ಬಾಯಿಗೆ ಬರುತ್ತದಲ್ಲ, ಆ ರಕ್ತದ ವಾಸನೆ. ಬಾರಿಸಬೇಡ ಎಂದವರು ಅದರೊಳಗೆ ಏನಿದೆ ಎಂಬುದನ್ನೂ ಹೇಳಿಹೋಗಿದ್ದರು. ಅದೊಂದು ಮಾತು ಹೇಳದಿದ್ದರೆ ಅವಳು ಅದನ್ನು ಹಾಗೇ ಡ್ರಾಯರಿಗೆ ಹಾಕಿಬಿಡುತ್ತಿದ್ದಳು.

ಬಾರಿಸಿದಳು. ಬರೀ ಸ್ವರ. ತೆಳ್ಳಗೆ ಎದ್ದು ತೆಳ್ಳಗೆ ಆರಿತು. ಅಷ್ಟೇ.

ಸಂಜೆ ಪುಟ್ಟಿ ಶಾಲೆಯಿಂದ ಬಂದು ಅಡುಗೆಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆಗೆಯುತ್ತಿದ್ದಾಗ ಅವಳು ಇನ್ನೊಮ್ಮೆ ಬಾರಿಸಿದಳು. ಸ್ವರ ಎದ್ದಿತು. ಅಡುಗೆಮನೆಯಿಂದ ಪುಟ್ಟಿ, ತನಗೇ ತಿಳಿಯದೆ, ಅದೇ ಸ್ವರವನ್ನು ಮೂಗಿನಲ್ಲಿ ಗುನುಗಿದಳು. ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದಾದವು.

ಆಗ ಕವೆಯೊಳಗೆ ಯಾರೋ ಗಂಟಲು ಸರಿಮಾಡಿಕೊಂಡರು.

ಆ ಕೆಮ್ಮು ಅವಳಿಗೆ ಗೊತ್ತು. ಗಂಡ ಮಾತು ಶುರುಮಾಡುವ ಮುಂಚೆ ಎಂಟು ವರ್ಷ ಕೇಳಿದ ಕೆಮ್ಮು. ಐದು ದಿನದ ಕಂಬಳಿ ಒಂದೇ ಕ್ಷಣಕ್ಕೆ ಹರಿಯಿತು. ಅವಳು ಮೇಜಿನ ಮೇಲೆ ತಲೆಯಿಟ್ಟು, ಬಾಯಿಗೆ ಕಾಲುಚೀಲ ಒತ್ತಿಕೊಂಡು, ಮೊದಲ ಸಲ ಅತ್ತಳು.

ದಿನಕ್ಕೆ ಒಂದೇ ಸಲ ಎಂದು ನೇಮ ಹಾಕಿಕೊಂಡಳು. ಮೂರನೆಯ ದಿನಕ್ಕೆ ನೇಮ ಎರಡಾಯಿತು.

ಅವನು ದೊಡ್ಡ ಮಾತೇನೂ ಆಡುತ್ತಿರಲಿಲ್ಲ. "ಟೀ ಆರಿಹೋಯ್ತು ನೋಡು." "ಕೀ ಎಲ್ಲಿಟ್ಟೆ?" "ಏನ್ ಮಹಾರಾಣಿ, ಬೇಜಾರಾ?" ಕಿವಿಗೆ ಹಿಡಿದುಕೊಂಡರೆ ಉಸಿರಿನ ಬಿಸಿ ಕೂಡ ತಗಲಿದಂತೆ. ಪ್ರತಿ ಸಲವೂ ಮಾತು ಸ್ವಲ್ಪ ಉದ್ದವಾಗುತ್ತಿತ್ತು.

ಒಂದು ವಿಷಯ ಅವಳು ಗಮನಿಸಿದಳು. ಓದಿದವಳು, ಗಮನಿಸದಿರುವುದು ಅವಳ ಸ್ವಭಾವವಲ್ಲ. ಪುಟ್ಟಿ ಮನೆಯಲ್ಲಿ ಇಲ್ಲದಾಗ ಕವೆ ಬರೀ ಕವೆ. ಪುಟ್ಟಿ ಇದ್ದು, ಆ ಸ್ವರಕ್ಕೆ ತಾನೂ ಗುನುಗಿದಾಗ ಮಾತ್ರ ಅದು ಮಾತಾಡುತ್ತಿತ್ತು. ಯಾಕೆ ಎಂದು ಅವಳು ತನ್ನನ್ನೇ ಕೇಳಿಕೊಳ್ಳಲಿಲ್ಲ. ಮಧ್ಯಾಹ್ನ ಮೂರೂವರೆಯಿಂದ ಕಿಟಕಿಯಲ್ಲಿ ನಿಂತು ಶಾಲೆಯ ವ್ಯಾನಿಗೆ ಕಾಯತೊಡಗಿದಳು, ಅಷ್ಟೇ.

ನಾಲ್ಕನೆಯ ದಿನ ಪುಟ್ಟಿಯ ಗಂಟಲು ಕಟ್ಟಿತು. ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಲು ಕೊಟ್ಟಳು. ಆರನೆಯ ದಿನ ದನಿ ಪಿಸುಮಾತಿಗೆ ಇಳಿಯಿತು. ಶಾಲೆಯ ಡೈರಿಯಲ್ಲಿ ಟೀಚರು ಬರೆದು ಕಳಿಸಿದರು: ಮಗು ತರಗತಿಯಲ್ಲಿ ಉತ್ತರ ಹೇಳುತ್ತಿಲ್ಲ, ತಂದೆಯನ್ನು ನೆನೆಸಿಕೊಂಡಿರಬೇಕು, ಗದರಿಸಬೇಡಿ. ಅವಳು ಅದಕ್ಕೆ ಸಹಿ ಹಾಕಿದಳು. ಎಂಟನೆಯ ದಿನ ಪುಟ್ಟಿ ಅವಳ ಸೆರಗು ಎಳೆದು, ಲೋಟ ತೋರಿಸಿ, ನೀರು ಕೇಳಿದಳು.

ಒಂಬತ್ತನೆಯ ದಿನ ಅವಳಿಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಳು. ಆದರೆ ಗೊತ್ತಿತ್ತು. ವ್ಯಾನು ಬಂತು, ಪುಟ್ಟಿ ಒಳಗೆ ಬಂದು ಶೂ ಬಿಚ್ಚಲು ಕೂತಳು, ಮಗಳ ಕುತ್ತಿಗೆಯ ನರ ಉಬ್ಬಿ ತುಟಿ ಸುಮ್ಮನೆ ಅಲ್ಲಾಡುವುದನ್ನು ನೋಡುತ್ತಲೇ ಅವಳು ಕವೆಯನ್ನು ಮೊಣಕಾಲಿಗೆ ಬಡಿದಳು.

"ಸಾಕು," ಎಂದಿತು ಗಂಡನ ದನಿ. ಅಭ್ಯಾಸ ಮುಗಿಸುವಾಗ ಶಿಷ್ಯರಿಗೆ ಹೇಳುತ್ತಿದ್ದ ಹಾಗೆ. ಮೆಲ್ಲಗೆ. "ಸಾಕು ಬಿಡು."

ಇನ್ನೊಂದೇ ಸಲ, ಎಂದುಕೊಂಡಳು. ಸಾಕು ಎನ್ನುವುದು ಕೊನೆಯ ಮಾತಾಗಬಾರದು. ಇನ್ನೊಂದೇ ಒಂದು.

ಬಡಿದಳು.

ಸ್ವರ ಎದ್ದಿತು. ಗಂಟಲು ಸರಿಮಾಡಿಕೊಳ್ಳುವ ಸದ್ದಿಲ್ಲ. ಉಸಿರಿಲ್ಲ. ಖಾಲಿ. ಆಮೇಲೆ, ತೀರ ಹತ್ತಿರದಿಂದ, ಉಕ್ಕಿನೊಳಗಿಂದ, ಸ್ಪಷ್ಟವಾಗಿ:

"ಅಮ್ಮಾ."

ಎದುರಿಗೆ ನೆಲದ ಮೇಲೆ ಕೂತಿದ್ದ ಪುಟ್ಟಿ ಬಾಯಿ ತೆರೆದುಕೊಂಡಿದ್ದಳು. ಆ ಬಾಯಿಂದ ಏನೂ ಬರುತ್ತಿರಲಿಲ್ಲ.

ಪಿಯಾನೊ ಮಾವ ಸಂಗೀತ ಶಾಲೆಯ ಹಿಂದಿನ ಸಣ್ಣ ಕೋಣೆಯಲ್ಲಿ ಪಿಯಾನೊದ ತಂತಿಗಳ ಧೂಳು ಒರೆಸುತ್ತಿದ್ದರು. ಅವಳ ಕೈಯಲ್ಲಿದ್ದ ಕಾಲುಚೀಲವನ್ನೂ, ಅವಳ ಸೊಂಟಕ್ಕೆ ಅಂಟಿಕೊಂಡಿದ್ದ ಮಗುವನ್ನೂ ನೋಡಿದರು. ಬಟ್ಟೆ ಕೈಯಿಂದ ಜಾರಿತು.

"ಎಷ್ಟು ಸಲ?"

ಅವಳು ಹೇಳಿದಳು.

"ನಾನು ಅವತ್ತೇ ಹೇಳಿದ್ದೆನಲ್ಲಮ್ಮ!"

"ಬೈಯೋದು ಆಮೇಲೆ ಬೈರಿ, ಮಾವ. ಈಗ ಏನು ಮಾಡ್ಲಿ, ಹೇಳಿ."

ಅವರು ಬಾಗಿಲು ಮುಚ್ಚಿ ಬಂದು ಹೇಳಿದರು. ನಿವೃತ್ತಳಾದ ದೊಡ್ಡ ಮೇಡಂ, ಶಾಲೆಗೆ ಹೊಸ ಗಾಯನದ ಮೇಷ್ಟ್ರು ಬಂದಾಗಲೆಲ್ಲ ಕರೆದು ಆ ಕವೆಯನ್ನು ಎರವಲು ಕೊಡುತ್ತಿದ್ದಳು. ತರಗತಿಗೆ ಇದೇ ಒಳ್ಳೆಯದು, ಕೆಲಸ ಮುಗಿದ ಮೇಲೆ ತಂದುಕೊಡು ಎನ್ನುತ್ತಿದ್ದಳು. ಕವೆಯ ಸ್ವರಕ್ಕೆ ಯಾರ ದನಿ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂಡುತ್ತದೋ ಆ ದನಿ ಅದರೊಳಗೆ ಇಳಿಯುತ್ತದೆ. ಒಮ್ಮೆ ತುಂಬಿದರೆ, ಮೇಡಂ ಕೈ ಸೇರುವವರೆಗೆ ಅದರೊಳಗೆ ಒಂದು ದನಿ ಇರಲೇಬೇಕು. ಹೊಸದು ಒಳಗೆ ಬಂದಷ್ಟು ಹಳೆಯದು ಹೊರಗೆ ಹೋಗುತ್ತದೆ. ತುಂಬಿದ ಕವೆ ಮನೆಗೆ ಬಂದರೆ ಒಳಗಿದ್ದ ದನಿ ಮೇಡಂ ಗಂಟಲಿಗೆ.

"ಇವನಿಗಿಂತ ಮುಂಚೆ ಇಬ್ಬರು ಮೇಷ್ಟ್ರು ತಗೊಂಡೋಗಿ ಕೊಟ್ರು. ಇಬ್ಬರ ತರಗತಿಲೂ ಒಂದೊಂದು ಮಗು ಮೂಕಾಯ್ತು. ಮೂರು ತಿಂಗಳು, ಅಷ್ಟೇ. ಆಮೇಲೆ ಉಸಿರು ನಿಂತುಹೋಗುತ್ತೆ. ಎರಡು ಮಣ್ಣಿಗೂ ನಾನೇ ಪಿಯಾನೊ ನುಡಿಸಿದ್ದು."

"ಮೂರು ತಿಂಗಳು," ಎಂದಳು ಅವಳು.

"ಇವನ ಕಾಲಕ್ಕೆ ಹೋಗಿದ್ದು, ಶಿಷ್ಯೆ ಗುಬ್ಬಿ ಇದಾಳಲ್ಲ, ಅವಳ ದನಿ. ಪಾಪ, ಬಟ್ಟೆ ಹೊಲಿಯೋಳ ಮಗಳು. ಇವನಿಗೆ ಹೆಂಗೋ ಗೊತ್ತಾಯ್ತು. ಕವೆ ಬುಡನ ಅವಳ ಗಂಟಲಿಗೆ ಇಟ್ಟು, ಇವನೇ ಶ್ರುತಿ ಹಿಡಿದು ಹಾಡಿದ. ಇವನದು ಒಳಗೆ ಇಳೀತು, ಅವಳದು ಅವಳ ಗಂಟಲಿಗೆ ವಾಪಸ್ ಹೋಯ್ತು. ಅದೊಂದೇ ದಾರಿ. ನಾನೇ ಬಾಗಿಲು ಕಾದಿದ್ದೆ."

ಅವಳು ಆಗಲೇ ಕವೆಯ ಬುಡವನ್ನು ಪುಟ್ಟಿಯ ಗಂಟಲ ಗುಳಿಗೆ ಒತ್ತಿ ಹಿಡಿದಿದ್ದಳು. ಬಡಿದಳು. ಬಾಯಿ ತೆರೆದು ಹಾಡಿದಳು.

ಅವಳ ದನಿ ಸ್ವರದ ಪಕ್ಕದಲ್ಲಿ ಎಲ್ಲೋ ಎದ್ದಿತು. ಮೇಲೆ ಎಳೆದಳು, ದಾಟಿಹೋಯಿತು. ಕೆಳಗೆ ತಂದಳು, ಜಾರಿತು. ಮಾವ ಪಿಯಾನೊದಲ್ಲಿ ಅದೇ ಸ್ವರ ಒತ್ತಿ ಒತ್ತಿ ತೋರಿಸಿದರು. "ಇಲ್ಲಿ, ಇಲ್ಲಿ ಕಣಮ್ಮ. ಸ್ವಲ್ಪ ಮೇಲೆ. ಅಯ್ಯೋ, ಅಷ್ಟಲ್ಲ." ಇಪ್ಪತ್ತು ಸಲ. ಐವತ್ತು ಸಲ. ಮೊಣಕಾಲು ನೀಲಿಗಟ್ಟಿತು. ಕವೆ ಅವಳನ್ನು ಕಣ್ಣೆತ್ತಿಯೂ ನೋಡಲಿಲ್ಲ. ಸಾಯಲು ಸಿದ್ಧವಾಗಿ ಬಂದವಳನ್ನು ಶ್ರುತಿ ಸೇರುವುದಿಲ್ಲವೆಂದು ಬಾಗಿಲಲ್ಲೇ ನಿಲ್ಲಿಸಿತು.

"ನೀವು, ಮಾವ?"

ಮುದುಕ ತಲೆ ತಗ್ಗಿಸಿದರು. "ನನ್ನ ದನಿನ ಸಿಗರೇಟು ತಿಂದು ಎಷ್ಟು ವರ್ಷ ಆಯ್ತು."

"ಕುಲುಮೇಲಿ ಹಾಕಿ ಕರಗಿಸಿಬಿಟ್ರೆ?"

"ಒಳಗಿರೋದೂ ಕರಗುತ್ತೆ."

ಪುಟ್ಟಿ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮೇಲಿನ ಮಹಡಿಯಲ್ಲಿ ಯಾರೋ ಹಾಡುತ್ತಿದ್ದರು. ಶುದ್ಧವಾದ, ಎಳೆಯ, ಯಾವ ಶ್ರಮವೂ ಇಲ್ಲದ ದನಿ. ಏಣಿಯ ಮೇಲೆ ಬೆಕ್ಕು ಹತ್ತಿದ ಹಾಗೆ ಸ್ವರದಿಂದ ಸ್ವರಕ್ಕೆ ಹತ್ತುತ್ತಿತ್ತು. ತಾಯಿ ತಲೆಯೆತ್ತಿ ಕೇಳಿದಳು. ಮಾವನೂ ಕೇಳಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

"ಗುಬ್ಬಿಗೋಸ್ಕರ ಅವನು ಪ್ರಾಣ ಕೊಟ್ಟಿದಾನೆ," ಎಂದರು ಮಾವ.

"ಗೊತ್ತು," ಎಂದಳು ಅವಳು. "ಈಗ ನೀವೇ ಹೇಳಿದ್ರಲ್ಲ."

ಸಂಗೀತ ಶಾಲೆಯ ನೆಲಮಾಳಿಗೆಯ ಅಭ್ಯಾಸದ ಕೋಣೆಗೆ ಕಿಟಕಿಯಿಲ್ಲ. ಸದ್ದು ಹೊರಹೋಗದಿರಲೆಂದು ಗೋಡೆಗೆಲ್ಲ ದಪ್ಪ ಬಟ್ಟೆ ಬಡಿದಿದ್ದರು. ಹಳೆಯ ಕಾರ್ಪೆಟ್ಟಿನ ಮುಗ್ಗಲು, ಬೆವರು, ಬೆಂದ ಬಲ್ಬಿನ ವಾಸನೆ. ಬಾಗಿಲು ಹಾಕಿದರೆ ನಮ್ಮ ರಕ್ತದ ಸದ್ದು ನಮಗೇ ಕೇಳುತ್ತದೆ.

ಮರುದಿನ ಮಧ್ಯಾಹ್ನ, ಅವಳು ಹೇಳಿಕಳಿಸಿದ್ದಕ್ಕೆ, ಗುಬ್ಬಿ ಅಲ್ಲಿಗೆ ಓಡಿಬಂದಳು. ಹತ್ತೊಂಬತ್ತು ವರ್ಷ. ಕತ್ತಿಗೆ ಅಮ್ಮ ಹೆಣೆದ ಮಫ್ಲರು, ಕೆನ್ನೆಯೊಳಗೆ ಗುಳಿಗೆ. ಗುಬ್ಬಿ ಎಂದು ಹೆಸರಿಟ್ಟವನು ಗಂಡನೇ. ಒಂದು ಕಡೆ ನಿಂತು ಹಾಡುವವಳಲ್ಲ ಎಂದು.

"ಹತ್ತು ನಿಮಿಷ ಆಗುತ್ತಾ, ಮೇಡಂ? ನಾಡಿದ್ದು ನಂಗೆ ಕಂಪನಿಯವರ ಆಡಿಷನ್ನು. ಅಮ್ಮ ಹೊಸ ಫ್ರಾಕು ಹೊಲೀತಿದಾಳೆ. ಸೊಂಟದಲ್ಲಿ ಎಷ್ಟು ಬಿಗಿ ಅಂದ್ರೆ ಮೇಲಿನ ಸ್ವರ ತನ್ನಷ್ಟಕ್ಕೆ ತಾನೇ ಬರುತ್ತೆ!"

"ಹತ್ತೇ ನಿಮಿಷ. ಪುಟ್ಟಿ ದನಿ ಹೋಗಿದೆ."

ಗುಬ್ಬಿಯ ನಗು ನಿಂತಿತು. ಮಗುವಿನ ಮುಂದೆ ಮಂಡಿಯೂರಿ ಕೂತಳು. "ಅಯ್ಯೋ ಬಂಗಾರಿ! ಹೆದರ್ಕೋಬೇಡ. ನಂದೂ ಹೀಗೇ ಹೋಗಿತ್ತು. ನಿಮ್ಮಪ್ಪನೇ ಸರಿಮಾಡಿದ್ದು. ಅದೇನೋ ಕಂಪನದ ಚಿಕಿತ್ಸೆ ಅಂದ್ರು ಸರ್. ಗಂಟಲಿಗೆ ಕವೆ ಇಟ್ಟು ಅವರು ಹಾಡಿದ್ರು, ನಾನು ಸುಮ್ನೆ ಬಾಯಿ ತೆರ್ಕೊಂಡು ಕೂತಿದ್ದೆ." ಮೇಲೆ ನೋಡಿದಳು. "ಆದ್ರೆ ನೀವು ಹಾಡಿದ್ರೆ ಆಗಲ್ಲ ಅಲ್ವಾ, ಮೇಡಂ? ಸರ್ ಹೇಳ್ತಿದ್ರು, ನಿಮಗೆ..." ನಾಲಿಗೆ ಕಚ್ಚಿಕೊಂಡಳು.

"ಪರವಾಗಿಲ್ಲ. ನಿಜವೇ."

"ನಾನು ಹಾಡ್ತೀನಿ. ಇದೊಂದಾದ್ರೂ ಮಾಡಬೇಡ್ವಾ ಸರ್‌ಗೋಸ್ಕರ?"

ಬೇಡ ಎನ್ನಲು ಅವಳಿಗೆ ಒಂದು ಕ್ಷಣ ಸಿಕ್ಕಿತು. ಪೂರ್ತಿ ಒಂದು ಕ್ಷಣ. ಬಲ್ಬು ಗುಂಯ್ ಎನ್ನುತ್ತಿತ್ತು. ಅವಳು ಎದ್ದು ಬಾಗಿಲ ಚಿಲಕ ಹಾಕಿ ಬಂದಳು. ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಪುಟ್ಟಿ ಕೊಸರಿದಳು. ತಲೆಯನ್ನು ಆ ಕಡೆ ಈ ಕಡೆ ಅಲ್ಲಾಡಿಸಿದಳು. ಗುಬ್ಬಿಯ ಮಫ್ಲರು ಹಿಡಿದು ಬಾಗಿಲ ಕಡೆ ತಳ್ಳಿದಳು.

"ಹೆದರಿದಾಳೆ," ಎಂದಳು ಗುಬ್ಬಿ, ಮರುಗಿ.

"ಹೌದು," ಎಂದಳು ಅವಳು. ಒಂದು ತೋಳಿನಿಂದ ಮಗುವಿನ ಎರಡೂ ಕೈ ಸೇರಿಸಿ ಅವುಚಿಕೊಂಡಳು. ಕವೆಯನ್ನು ಬಡಿದಳು. ಬುಡವನ್ನು ಗಂಟಲ ಗುಳಿಗೆ ಒತ್ತಿದಳು.

ಗುಬ್ಬಿ ಬಾಯಿ ತೆರೆದಳು.

ಎರಡು ಸ್ವರ ಒಂದಾದವು. ಶ್ರುತಿ ತಿಳಿಯದ ಅವಳಿಗೂ ಗೊತ್ತಾಯಿತು. ಜೀವನದಲ್ಲಿ ಮೊದಲ ಸಲ ಶ್ರುತಿ ಸೇರುವುದು ಎಂದರೇನೆಂದು ಅವಳ ಮೂಳೆಗೆ ಗೊತ್ತಾಯಿತು. ಕೋಣೆ ತಣ್ಣಗಾಯಿತು. ರಕ್ತದ ವಾಸನೆ. ಪುಟ್ಟಿಯ ಗಂಟಲೊಳಗೆ ಏನೋ ಸಣ್ಣದು ಮಿಡುಕಿತು.

ಮತ್ತೆ ಬಡಿದಳು.

"ಚಳಿ ಅಲ್ವಾ?" ಎಂದಳು ಗುಬ್ಬಿ. ದನಿ ಕೊಂಚ ಒಡೆದಿತ್ತು.

"ಹಾಡು."

ಮತ್ತೆ. ಮತ್ತೆ. ಮಗಳಿಂದ ದಿನಗಟ್ಟಲೆ ತೊಟ್ಟು ತೊಟ್ಟಾಗಿ ಹೋದದ್ದು ಈಗ ಧಾರೆಯಾಗಿ ಬರುತ್ತಿತ್ತು. ಐದನೆಯ ಸಲಕ್ಕೆ ಗುಬ್ಬಿ ಗಂಟಲು ಹಿಡಿದುಕೊಂಡಳು. "ಮೇಡಂ, ನಂಗೆ ಏನೋ..." "ಇನ್ನೊಂದೇ ಸಲ." ಬಡಿದಳು. ಗುಬ್ಬಿ ಹಾಡಿದಳು. ಒಳ್ಳೆಯ ಶಿಷ್ಯೆ. ನಿಲ್ಲಿಸು ಎನ್ನುವವರೆಗೆ ನಿಲ್ಲಿಸದವಳು. ಕಣ್ಣಲ್ಲಿ ನೀರು. ಸ್ವರ ತೆಳ್ಳಗಾಯಿತು. ದಾರದಷ್ಟು. ಕೂದಲಷ್ಟು. "ಇನ್ನೊಂದು." ಬಡಿದಳು. ಗುಬ್ಬಿಯ ಬಾಯಿ ತೆರೆದಿತ್ತು. ಗಾಳಿ. ಬರೀ ಗಾಳಿ.

ತೊಡೆಯ ಮೇಲಿಂದ ಪುಟ್ಟಿ ಕಿರುಚಿದಳು.

ಪೂರ್ತಿ ದನಿ. ದಪ್ಪ ಬಟ್ಟೆಯ ಗೋಡೆಗಳೆಲ್ಲ ಕುಡಿದರೂ ಮುಗಿಯದಷ್ಟು ದನಿ.

ಗುಬ್ಬಿ ನೆಲದ ಮೇಲೆ ಕೂತಿದ್ದಳು. ಕೈ ಗಂಟಲ ಮೇಲಿತ್ತು. ಮಗುವನ್ನು ನೋಡಿ, ತುಟಿ ನಡುಗುತ್ತಿದ್ದರೂ, ನಕ್ಕಳು. ಬಂತಲ್ಲ, ಎಂಬಂತೆ ಮಗುವಿನ ಕಡೆ ಬೆರಳು ತೋರಿಸಿದಳು. ಆಮೇಲೆ ಏನೋ ಹೇಳಲು ಹೋದಳು. ಇನ್ನೊಮ್ಮೆ ಹೋದಳು. ಬೆರಳು ಹಾಗೇ ಗಾಳಿಯಲ್ಲಿ ನಿಂತಿತು. ಮೆಲ್ಲಗೆ ಗುಬ್ಬಿಯ ಕಣ್ಣುಗಳು ಮಗುವಿನಿಂದ ಕವೆಗೆ, ಕವೆಯಿಂದ ತಾಯಿಯ ಮುಖಕ್ಕೆ ತಿರುಗಿದವು.

ಅವಳು ಕವೆಯನ್ನು ಕಾಲುಚೀಲಕ್ಕೆ ಹಾಕಿದಳು. "ಒಂದೆರಡು ದಿನ ಗಂಟಲಿಗೆ ವಿಶ್ರಾಂತಿ ಕೊಡು," ಎಂದಳು. ಮೇಷ್ಟ್ರುಗಳು ಹೇಳುವ ಮಾತೇ ಅದು.

ಮೇಲೆ ಬಂದಾಗ ಪಿಯಾನೊ ಮಾವ ತಮ್ಮ ಕೋಣೆಯ ಬಾಗಿಲಲ್ಲಿದ್ದರು. ಮಗುವನ್ನು ನೋಡಿದರು. ಒಳಗೆ ಹೋಗಿ ಪಿಯಾನೊದ ಮುಚ್ಚಳ ಹಾಕಿದ ಸದ್ದು ಕೇಳಿಸಿತು.

ದೊಡ್ಡ ಮೇಡಂ ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ಕೆಳಗೆ ಬೀಗ ರಿಪೇರಿಯ ಅಂಗಡಿ, ಮೇಲೆ ಮನೆ. ಅಂಗಡಿಯವನ ಅರದ ಸದ್ದು ಮೆಟ್ಟಿಲ ಉದ್ದಕ್ಕೂ ಹಲ್ಲು ಚುರುಗುಟ್ಟಿಸುತ್ತಿತ್ತು. ಕವೆಯನ್ನು ಮತ್ತೆ ಮನೆಗೆ ಒಯ್ದು, ಮಗುವನ್ನು ಬಿಟ್ಟು ಬರುವಷ್ಟು ತಾಳ್ಮೆ ಅವಳಿಗಿರಲಿಲ್ಲ. ಪುಟ್ಟಿಯನ್ನು ಮೆಟ್ಟಿಲ ಮೇಲೆ ಕೂರಿಸಿ, "ಇಲ್ಲೇ ಇರು," ಎಂದು ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಮುದುಕಿಗೆ ಎಂಬತ್ತು ದಾಟಿರಬೇಕು. ಬಿಳಿ ಕೂದಲನ್ನು ಒಪ್ಪವಾಗಿ ಬಾಚಿ ಕಟ್ಟಿದ್ದಳು. ಒಳಗೆ ತೇವದ ಕಂಬಳಿಯ, ಔಷಧದ ವಾಸನೆ. ಪರದೆ ಎಳೆದ ಕತ್ತಲೆಯಲ್ಲಿ ಗೋಡೆಯ ತುಂಬ ಫೋಟೋಗಳು. ಎಲ್ಲವೂ ಹಾಡುತ್ತಿರುವ ಮಕ್ಕಳು. ಎಲ್ಲರ ಬಾಯೂ ತೆರೆದಿತ್ತು.

ಮುದುಕಿ ಮಾತಾಡಲಿಲ್ಲ. ಹಳೆಯ ದನಿ ಸವೆದುಹೋಗಿತ್ತೋ ಏನೋ. ಬರೀ ಅಂಗೈ ಚಾಚಿದಳು.

"ನಮ್ಮೆಜಮಾನರು ನಿಮ್ಮಿಂದ ತಗೊಂಡಿದ್ರಂತೆ," ಎಂದಳು ಅವಳು. "ವಾಪಸ್ ಕೊಡೋದು ತಡವಾಯ್ತು."

ಕಾಲುಚೀಲದಿಂದ ತೆಗೆದು ಆ ಅಂಗೈ ಮೇಲಿಟ್ಟಳು. ಕಾಲುಚೀಲವನ್ನು ತಾನೇ ಇಟ್ಟುಕೊಂಡಳು.

ಮುದುಕಿ ಕವೆಯನ್ನು ತೂಗಿ ನೋಡಿದಳು. ತುಂಬಿದ ಕೊಡ ಎತ್ತಿದವರ ತೃಪ್ತಿ ಮುಖದಲ್ಲಿ ಕಾಣಿಸಿತು. ಮೊಣಕಾಲಿಗೆ ಬಡಿದಳು. ಬುಡವನ್ನು ಸುಕ್ಕುಗಟ್ಟಿದ ಗಂಟಲಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಅರ ಕೆಳಗೆ ಕಿರುಗುಟ್ಟುತ್ತಿತ್ತು. ನಿಂತಿತು.

"ಹತ್ತು ನಿಮಿಷ ಆಗುತ್ತಾ, ಮೇಡಂ?" ಎಂದಿತು ಆ ಹಲ್ಲಿಲ್ಲದ ಬಾಯಿ. ಹತ್ತೊಂಬತ್ತರ ದನಿ. ಕೆನ್ನೆಯೊಳಗೆ ಗುಳಿಗೆ ಇಟ್ಟುಕೊಂಡ ದನಿ. "ನಾಡಿದ್ದು ನಂಗೆ ಕಂಪನಿಯವರ ಆಡಿಷನ್ನು."

ಮುದುಕಿ ಕಣ್ಣು ತೆರೆದು ಚಪ್ಪರಿಸಿದಳು. "ಚೆನ್ನಾಗಿದೆ," ಎಂದಳು ಅದೇ ದನಿಯಲ್ಲಿ. "ನಿನ್ನ ಗಂಡ ಒಂದನ್ನೂ ತಂದುಕೊಡ್ಲಿಲ್ಲ. ನೀನು ಕೆಲಸ ಬಲ್ಲವಳು."

ಬಾಗಿಲು ಮುಚ್ಚಿತು.

ಪುಟ್ಟಿ ಮೆಟ್ಟಿಲ ಮೇಲೆ, ಕೂರಿಸಿದಲ್ಲೇ, ಎದ್ದು ನಿಂತಿದ್ದಳು.

"ಒಳಗೆ ಮಾತಾಡಿದ್ದು ಗುಬ್ಬಿ ಅಕ್ಕ ಅಲ್ವಾ?"

"ಅಲ್ಲ, ಪುಟ್ಟಿ. ಅದು ದೊಡ್ಡ ಮೇಡಂ."

"ನನ್ನ ಕಿವಿ ತಪ್ಪಲ್ಲ, ಅಮ್ಮ. ಅಪ್ಪ ಹೇಳಿದಾರೆ."

ಅವಳು ಕೈ ಚಾಚಿದಳು. ಪುಟ್ಟಿ ಆ ಕೈಯನ್ನು ನೋಡಿದಳು. ಕೈಯಲ್ಲಿದ್ದ ಅಪ್ಪನ ಕಾಲುಚೀಲವನ್ನು ಮಾತ್ರ ಎಳೆದುಕೊಂಡು, ಒಬ್ಬಳೇ ಮೆಟ್ಟಿಲಿಳಿದಳು. ಅಂಗಡಿ ದಾಟಿದಳು. ಶಾಲೆಯ ಗೋಡೆ ದಾಟಿದಳು. ತಾಯಿ ಹಿಂದಿನಿಂದ ಎರಡು ಸಲ ಕರೆದಳು.

ಪುಟ್ಟಿಗೆ ದನಿ ಇತ್ತು. ಆದರೆ ಓಗೊಡಲಿಲ್ಲ.